ಗ್ಯಾರೇಜಿನ ನೆಲ ಬಣ್ಣ ಹಿಡಿಯಲಿಲ್ಲ

ಇಪ್ಪತ್ತೊಂಬತ್ತು ವರ್ಷ ನಾನು ಒಂದು ರಕ್ಷಣಾ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕೆಲಸ ಮಾಡಿದವಳು. ನಮ್ಮ ಶೆಡ್ಡಿನಲ್ಲಿ ನಾನೊಬ್ಬಳೇ ಹೆಂಗಸು. ನಿವೃತ್ತಿಯ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮನೆಯಲ್ಲಿ ಕೂತ ಮೇಲೆ ಕೈಗೆ ಏನೂ ಕೆಲಸವಿಲ್ಲದೆ ಬೇಜಾರು ಹಿಡಿಯಿತು. ರೊಟ್ಟಿ ಬಡಿಯುವಾಗಲೂ ಅದರ ಅಂಚು ಸಮನಾಗಿ ಬಂದಿದೆಯೋ ಇಲ್ಲವೋ ಎಂದು ಬೆರಳಿನಿಂದ ಅಳೆಯುತ್ತಿದ್ದೆ. ಒಂದು ದಿನ ಯಜಮಾನರಿಗೆ ಹೇಳಿಬಿಟ್ಟೆ, ಗ್ಯಾರೇಜನ್ನು ನನಗೆ ಬಿಟ್ಟುಕೊಡಿ, ಅಲ್ಲೊಂದು ಸಣ್ಣ ವರ್ಕ್‌ಶಾಪ್ ಮಾಡಿಕೊಳ್ಳುತ್ತೇನೆ ಎಂದು.

ನಾವು ಗದಗಿನ ಕಡೆಯವರು. ಯಜಮಾನರದು ಸಿಕಂದರಾಬಾದಿನಲ್ಲಿ ರೈಲ್ವೆ ಕಚೇರಿಯ ನೌಕರಿ, ಅದಕ್ಕೇ ಅಲ್ಲೇ ಹತ್ತಿರದ ಮಲ್ಕಾಜ್‌ಗಿರಿಯಲ್ಲಿ ಮನೆ ಕೊಂಡಿದ್ದೆವು. ಕೊಂಡು ಹನ್ನೊಂದು ವರ್ಷವಾಗಿತ್ತು. ಮುಂದೆ ಗ್ಯಾರೇಜು, ಅದರ ಹಿಂದಿನ ಗೋಡೆಗೆ ಹತ್ತಿಕೊಂಡೇ ಅಡುಗೆಮನೆ, ಮೇಲೆ ಮಗಳ ಕೋಣೆ. ಹಳೆ ಕಾರನ್ನು ಮಾರಿದ ಮೇಲೆ ಗ್ಯಾರೇಜಿನಲ್ಲಿ ಉಳಿದದ್ದು ಒಡೆದ ಕೂಲರ್ ಮತ್ತು ನೆಲದ ಮೇಲಿನ ಎಣ್ಣೆ ಕಲೆ.

ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ಶುರುಮಾಡಿದೆ. ಸೋಡಾ ಹಾಕಿ ತಂತಿ ಬ್ರಷ್ಷಿನಿಂದ ನೆಲ ತಿಕ್ಕಿದೆ. ಆಸಿಡ್ ನೀರಿನಿಂದ ತೊಳೆದೆ. ಹತ್ತು ದಿನ ಶಟರ್ ಎತ್ತಿಟ್ಟು ಒಣಗಿಸಿದೆ. ಆಮೇಲೆ ಎರಡು ಡಬ್ಬಿ ಬೆರೆಸಿ ಹಚ್ಚುವ ಬೂದು ಬಣ್ಣ ತಂದು, ರೋಲರಿನಿಂದ ಗೋಡೆಯ ಕಡೆಯಿಂದ ಬಾಗಿಲ ಕಡೆಗೆ ಹಚ್ಚುತ್ತಾ ಬಂದೆ. ಮುಗಿಸಿ ಎದ್ದು ನಿಂತಾಗ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಮಗಳು ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆದಳು.

ನಾಲ್ಕನೆಯ ದಿನ ಹಿಂದಿನ ಗೋಡೆಯ ಹತ್ತಿರ ಬಣ್ಣ ಎದ್ದಿತ್ತು. ಸುಟ್ಟ ಚರ್ಮದ ಮೇಲಿನ ಗುಳ್ಳೆಯಂತೆ ಸಣ್ಣ ಸಣ್ಣ ಗುಳ್ಳೆಗಳು. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನೀರು. ನನ್ನದೇ ತಪ್ಪು, ಸರಿಯಾಗಿ ಒಣಗಿಸಿಲ್ಲ ಅಂದುಕೊಂಡೆ. ಅಷ್ಟು ಜಾಗವನ್ನು ಕೆರೆದು, ಒಂದು ವಾರ ಬಿಟ್ಟು ಮತ್ತೆ ಬಣ್ಣ ಹಚ್ಚಿದೆ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವಂಥ ಬಿಸಿಲು. ಆದರೂ ಮೂರೇ ದಿನಕ್ಕೆ ಮತ್ತೆ ಗುಳ್ಳೆ ಎದ್ದವು, ಈ ಸಲ ಸಾಲಾಗಿ. ಚಾಕ್‌ಪೀಸಿನಿಂದ ಅವುಗಳ ಸುತ್ತ ಗೆರೆ ಎಳೆದೆ. ಅರ್ಧ ಚಂದ್ರನ ಆಕಾರ ಮೂಡಿತು. ಅದರ ಎರಡೂ ತುದಿ ಗೋಡೆಗೆ ಹೋಗಿ ನಿಂತಿದ್ದವು. ಇನ್ನರ್ಧ ಎಲ್ಲಿ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ.

ಕಾರ್ಖಾನೆಯ ಸದ್ದಿಗೆ ನನ್ನ ಎಡಗಿವಿ ಮಂದವಾಗಿದೆ. ಬೇರಿಂಗ್ ಕೆಟ್ಟಿದೆಯೋ ಎಂದು ನೋಡಲು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಯ ಎಲುಬಿಗೂ ಒತ್ತಿ ಕೇಳುವುದು ನಮ್ಮ ರೂಢಿ. ಅವತ್ತು ಮಧ್ಯಾಹ್ನ ನೆಲಕ್ಕೆ ಹಾಗೆಯೇ ಬಲಗಿವಿ ಕೊಟ್ಟು, ಇನ್ನೊಂದು ಕೈಯಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದೆ. ಬಾಗಿಲ ಹತ್ತಿರ ಬಡಿದರೆ ಗಟ್ಟಿ ಸದ್ದು. ಗೆರೆಯ ಒಳಗೆ ಬಡಿದರೆ ಸದ್ದು ಕೆಳಗಿಳಿದು ಹೋಗಿ, ಸ್ವಲ್ಪ ತಡೆದು, ಬೇರೆಯೇ ಸದ್ದಾಗಿ ವಾಪಸ್ ಬಂತು. ಬಡಿಯುವುದನ್ನು ಬಿಟ್ಟು, ಮೊಣಕಾಲ ಮೇಲೆಯೇ ಹಿಂದಕ್ಕೆ ಸರಿದು ಬಾಗಿಲಿಗೆ ಬಂದೆ.

ಸಂಜೆ ಯಜಮಾನರಿಗೆ ಹೇಳಿದೆ. "ರೀ, ನೆಲದ ಕೆಳಗ ಪೊಳ್ಳು ಐತಿ."

"ನಿನ್ನ ಕಿವಿಯಾಗ ಇನ್ನೂ ಕಾರ್ಖಾನಿ ಓಡಾಕತ್ತೈತಿ" ಅಂದರು, ಚಹಾದಿಂದ ತಲೆ ಎತ್ತದೆ. "ಹನ್ನೊಂದು ವರ್ಷ ಕಾರ್ ನಿಂತಿತ್ತು ಅಲ್ಲಿ. ಏನಾತು? ನಾಡಿದ್ದು ಲೇತ್ ಬರತೈತಿ, ನಾ ಟೆಂಪೋದವಗ ಹೇಳೀನಿ."

"ಇಷ್ಟು ಲಗೂ ಯಾಕ ಹೇಳಿದ್ರಿ?"

"ನೀನ ದಿನಾ ಲೇತ್ ಲೇತ್ ಅಂತಿದ್ದಿ. ಖುಷಿ ಆಗ್ಲಿ ಅಂತ ಹೇಳಿದೆ."

ಅದು ಎಲ್ಲೋ ಮುಚ್ಚಿದ ಶೆಡ್ಡಿನಿಂದ ನಾನೇ ಹುಡುಕಿ ಆರಿಸಿದ ಹಳೆಯ ಲೇತ್. ಕಾರಿನಷ್ಟೇ ಭಾರ. ಆದರೆ ಕಾರಿನ ಭಾರವನ್ನು ನಾಲ್ಕು ಚಕ್ರ ದೂರ ದೂರ ಹೊರುತ್ತವೆ. ಲೇತಿನ ಭಾರ ಎರಡು ಸಣ್ಣ ಕಾಲುಗಳ ಮೇಲೆ, ಅದೂ ಗೋಡೆಯ ಪಕ್ಕದಲ್ಲೇ ಕೂರುತ್ತದೆ.

ಮರುದಿನ ಎದುರುಮನೆಯ ಅಜ್ಜಿ, ಎಲ್ಲರೂ ಪೆದ್ದಮ್ಮ ಅನ್ನುವಾಕೆ, ಕರಿಬೇವು ಕೇಳಿಕೊಂಡು ಬಂದರು. ಆ ಗಲ್ಲಿಯಲ್ಲಿ ಎಲ್ಲರಿಗಿಂತ ಹಳಬರು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಚಾಕಿನ ಗೆರೆ ನೋಡಿ, ತೆಲುಗಿನಲ್ಲಿ ಅಂದರು, "ಆಡ ಬಾಯಿ ಉಂಡೆ ಗದಾ."

ಅಲ್ಲಿ ಬಾಯಿ ಇತ್ತಲ್ಲ ಎಂದು. ನಾನು ಅರೆಗಳಿಗೆ ಅದನ್ನು ಕನ್ನಡದ ಬಾಯಿ ಅಂತಲೇ ತಿಳಿದೆ. ಆಮೇಲೆ ಅರ್ಥವಾಯಿತು. ಈ ಸೀಮೆಯ ತೆಲುಗಿನಲ್ಲಿ ಬಾಯಿ ಎಂದರೆ ಬಾವಿ.

"ಯಾವ ಬಾವಿ, ಪೆದ್ದಮ್ಮಾ?"

"ಇಡೀ ಗಲ್ಲಿ ಅದರ ನೀರೇ ಕುಡೀತಿತ್ತು. ಆಮೇಲೆ ನೀರಿಗೆ ನಾತ ಬಂತು. ನಿಮಗಿಂತ ಮುಂಚೆ ಇದ್ದವರು ಒಂದು ವಾರದಲ್ಲಿ ಮುಚ್ಚಿಸಿಬಿಟ್ಟರು."

"ಮಣ್ಣು ತುಂಬಿಸಿದರೋ?"

"ಮಣ್ಣಿನ ಲಾರಿ ಬಂದದ್ದು ನಾನು ನೋಡಲಿಲ್ಲಮ್ಮಾ. ಮರದ ದಿಮ್ಮಿ ಬಂದವು. ರೈಲು ಹಳಿಯ ಕೆಳಗೆ ಹಾಕುತ್ತಾರಲ್ಲ, ಅಂಥವು."

ಕರಿಬೇವು ಮುರಿದುಕೊಟ್ಟೆನೋ ಇಲ್ಲವೋ ಈಗ ನೆನಪಿಲ್ಲ. ಆಕೆ ಹೋದ ಮೇಲೆ ಸೀದಾ ಅಡುಗೆಮನೆಗೆ ಹೋದೆ. ಒಲೆಯ ಮುಂದೆ, ನಾನು ದಿನಾ ನಿಲ್ಲುವ ಜಾಗದಲ್ಲಿ, ಟೈಲ್ಸಿನ ಮೇಲೆ ಲಟ್ಟಣಿಗೆಯಿಂದ ಬಡಿದೆ. ಅದೇ ಸದ್ದು. ಅರ್ಧ ಚಂದ್ರನ ಇನ್ನರ್ಧ ಅಲ್ಲಿತ್ತು.

ಯಜಮಾನರಿಗೆ ಫೋನ್ ಮಾಡಿದೆ. "ಮುದುಕಿ ಮಾತು ಕಟಗೊಂಡು ಹೆದರಬ್ಯಾಡ, ಬಂದು ನೋಡ್ತೀನಿ" ಅಂದರು. ಬಂದು ನೋಡಿದರು. ಗೆರೆಯ ನಡುವೆ ಹೋಗಿ ನಿಂತು, ಎರಡು ಸಲ ಕಾಲಿನಿಂದ ಒದ್ದರು. "ನೋಡು, ಏನೂ ಇಲ್ಲ." ನಾನು ಕಣ್ಣು ಮುಚ್ಚಿಕೊಂಡೆ.

ಮಾರನೆಯ ದಿನ ಹನ್ನೊಂದು ಗಂಟೆಗೆ ಟೆಂಪೋ ಬಂತು, ಲೇತ್ ಮತ್ತು ನಾಲ್ವರು ಹಮಾಲರು. ಯಜಮಾನರು ರಜೆ ಹಾಕಿದ್ದರು. ಹಮಾಲರು ಪೈಪುಗಳನ್ನು ಹಾಸಿ ಯಂತ್ರವನ್ನು ಉರುಳಿಸಿಕೊಂಡು ಬರತೊಡಗಿದರು. ನಾನು ಶಟರಿನ ಕೆಳಗೆ ಅಡ್ಡ ನಿಂತೆ.

"ಒಳಗ ತರಬ್ಯಾಡ್ರಿ."

ಅವರಿಗೆ ಕನ್ನಡ ತಿಳಿಯಲಿಲ್ಲ, ಹಿಂದಿಯಲ್ಲಿ ಹೇಳಿದೆ. ಅವರು ಯಜಮಾನರ ಮುಖ ನೋಡಿದರು.

"ಮಂದಿ ಮುಂದ ಹಿಂಗ ಮಾಡಬ್ಯಾಡ, ಬಾಜೂಕ ಸರಿ" ಎಂದು ಯಜಮಾನರು ಹಲ್ಲು ಕಚ್ಚಿ ಹೇಳಿದರು.

"ಸರಿಯೂದಿಲ್ಲ. ನನ್ನ ಯಂತ್ರ ಅದು. ಗೇಟಿನ ಹತ್ತರ ಇರ್ಲಿ."

ಮದುವೆಯಾದಂದಿನಿಂದ ಅವರ ಎದುರು ನಾನು ಹಾಗೆ ನಿಂತದ್ದು ಅದೇ ಮೊದಲು. ಹಮಾಲರು ಯಂತ್ರವನ್ನು ಗೇಟಿನ ಬಳಿ ಬಿಟ್ಟು, ತಾಡಪಾಲು ಹೊದಿಸಿ ಹೋದರು. ಮಗಳನ್ನು ಮೇಲಿನ ಕೋಣೆಯಿಂದ ಹಾಲಿಗೆ ಕರೆಸಿಕೊಂಡೆ. ಅಡುಗೆಮನೆಗೆ ಕಾಲಿಡಲು ಧೈರ್ಯ ಸಾಲದೆ ಹೋಟೆಲಿನಿಂದ ಇಡ್ಲಿ ತರಿಸಿದೆ.

ಮರುದಿನ ಬೆಳಿಗ್ಗೆ ನಾನು ಕರೆಸಿದ ಮೇಸ್ತ್ರಿ ಬಂದ, ತೆಲಂಗಾಣದ ಪಾಲಮೂರು ಕಡೆಯವನು. ಎಲ್ಲ ಕೇಳಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಗೇಟಿನ ಕಂಬಕ್ಕೆ ಬಿಗಿದ. ಅವನು ಹಗ್ಗ ಕಟ್ಟಿಕೊಂಡದ್ದು ನೋಡಿದಾಗಲೇ ಯಜಮಾನರ ಮುಖ ಬದಲಾದದ್ದು. ಆದರೂ ಹತ್ತಿರ ಹೋಗಿ, ಗೆರೆಯಿಂದ ಒಂದೇ ಹೆಜ್ಜೆ ಈಚೆ ನಿಂತರು.

ಮೇಸ್ತ್ರಿ ಕಬ್ಬಿಣದ ಹಾರೆ ಎತ್ತಿ ಹಾಕಿದ. ಮೊದಲ ಏಟಿಗೆ ಬಣ್ಣ ಸಿಡಿಯಿತು. ಎರಡನೆಯದಕ್ಕೆ ಕಾಂಕ್ರೀಟು ಬಿರಿಯಿತು. ಮೂರನೆಯ ಏಟಿಗೆ ಹಾರೆ ಅವನ ಕೈಯಿಂದ ಜಾರಿ ನೆಲದೊಳಕ್ಕೆ ಹೋಯಿತು. ಹೋಗುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಎಂಬಂತೆ ಕೆಳಗೆ ನೀರಿನ ಸದ್ದಾಯಿತು.

"ಸಾರ್, ಎನಕ್ಕಿ ರಾ! ಎನಕ್ಕಿ!" ಎಂದು ಮೇಸ್ತ್ರಿ ಚೀರಿದ. ಹಿಂದೆ ಬನ್ನಿ ಎಂದು. ನಾನು ಯಜಮಾನರ ಅಂಗಿಯ ಕಾಲರ್ ಹಿಡಿದು ಎಳೆದೆ. ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಬಿದ್ದೆವು, ಮೇಸ್ತ್ರಿ ಹಗ್ಗ ಹಿಡಿದು ಗೇಟಿನ ಕಡೆ ಸರಿದ. ನಮ್ಮ ಕಣ್ಣೆದುರಿಗೇ ಆ ಕಿಂಡಿಯ ಅಂಚು ಮುರಿದು, ಚಾಕಿನ ಗೆರೆಯ ಅರ್ಧದಷ್ಟು ನೆಲ ಒಳಗೆ ಕುಸಿಯಿತು. ತಣ್ಣನೆಯ, ಕೊಳೆತ ಮರದ ವಾಸನೆ ಮೇಲೆದ್ದು ಬಂತು. ದಿಮ್ಮಿಗಳು ಒದ್ದೆ ತಂಬಾಕಿನಂತೆ ಪುಡಿಯಾಗಿದ್ದವು. ಇಷ್ಟು ವರ್ಷ ನಮ್ಮನ್ನು ಹೊತ್ತದ್ದು ಅಂಗೈ ದಪ್ಪದ ಕಾಂಕ್ರೀಟು.

ಯಜಮಾನರು ಮೆಟ್ಟಿಲ ಮೇಲೆ ಕೂತೇ ಮೆಲ್ಲಗೆ ಅಂದರು, "ನಿನ್ನೆ ನಾ ಅದರ ಮ್ಯಾಲ ನಿಂತು ಒದ್ದೆ."

"ಮೊನ್ನೆ" ಅಂದೆ.

ಅವರು ರಸ್ತೆ ದಾಟಿ ಪೆದ್ದಮ್ಮನ ಮನೆಗೆ ಹೋಗಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರು. "ಮನೆ ಕೊಂಡವರಿಗೆ ಗೊತ್ತಿರುತ್ತೆ ಅಂದುಕೊಂಡೆ" ಅಂದರಂತೆ ಆಕೆ. ಮಾರಿದವರು ಯಾವಾಗಲೋ ತೀರಿಕೊಂಡಿದ್ದರು.

ಎಂಟು ದಿನ ಲಾರಿಗಟ್ಟಲೆ ಬೋಲ್ಡರು, ಜಲ್ಲಿ ಸುರಿದರು. ಅಡುಗೆಮನೆಯ ನೆಲವನ್ನೂ ಒಡೆದು ಆ ಕಡೆಯಿಂದಲೂ ತುಂಬಿದರು. ನಾವು ಯಜಮಾನರ ಗೆಳೆಯರ ಮನೆಯಲ್ಲಿದ್ದೆವು, ಹಗಲು ನಾನು ಬಂದು ನೋಡುತ್ತಿದ್ದೆ. ಮೊದಲ ಎರಡು ದಿನ ಕಲ್ಲು ಬಿದ್ದಾಗ ನೀರಿನ ಸದ್ದು, ಆಮೇಲೆ ಕಲ್ಲಿಗೆ ಕಲ್ಲು ತಾಗುವ ಸದ್ದು. ನೋಡಲು ಬಂದ ಎಂಜಿನಿಯರ್ ಗೋಡೆಯ ಕೆಳಗೆ ತೊಲೆ ಹಾಕಿಸಿದರು. ಮಗಳ ಕೋಣೆಯನ್ನು ಹೊತ್ತ ಮೂಲೆಯ ಕಂಬ ಬಾವಿಯ ದಡದ ಮೇಲೆಯೇ ನಿಂತಿದೆ ಎಂದು ತೋರಿಸಿ, ಗೋಡೆಯ ಬಿರುಕುಗಳ ಮೇಲೆ ಅಡ್ಡವಾಗಿ ಮೂರು ಗಾಜಿನ ಪಟ್ಟಿ ಅಂಟಿಸಿದರು. "ಗಾಜು ಒಡೆದರೆ ಕಂಬ ಇಳೀತಿದೆ ಅಂತ ಅರ್ಥ. ಕೂಡಲೇ ಫೋನ್ ಮಾಡಿ."

ಲೇತನ್ನು ಬಾಗಿಲ ಕಡೆಯ ಗಟ್ಟಿ ನೆಲದ ಮೇಲೆ ಕೂರಿಸಿದೆವು. ಗಲ್ಲಿಯವರ ಮೋಟರು, ಮಿಕ್ಸರು ರಿಪೇರಿಗೆ ಬರುತ್ತವೆ. ಕೆಲಸ ಮಾಡುವಾಗ ಯಂತ್ರದ ಮೇಲೊಂದು ಕಣ್ಣು, ಗೋಡೆಯ ಮೇಲೊಂದು ಕಣ್ಣು. ಎರಡು ಮಳೆಗಾಲ ಗಾಜುಗಳಿಗೆ ಏನೂ ಆಗಲಿಲ್ಲ. ಈ ಸಲ, ಮೂರು ದಿನ ಬಿಡದೆ ಮಳೆ ಹೊಡೆದ ಮೇಲೆ, ನಡುವಿನ ಪಟ್ಟಿಯಲ್ಲಿ ಕೂದಲಿನಷ್ಟು ಸಣ್ಣ ಗೆರೆ ಕಂಡಿತು. ಯಜಮಾನರನ್ನು ಕರೆದೆ. ಕನ್ನಡಕ ಹಾಕಿಕೊಂಡು ನೋಡಿದರು. ಈ ಸಲ ನನ್ನನ್ನು ಏನೂ ಕೇಳದೆ, ಎಂಜಿನಿಯರಿಗೆ ಫೋನ್ ಮಾಡುತ್ತಲೇ ಮಗಳ ಬಟ್ಟೆ ಪುಸ್ತಕ ಇಳಿಸಲು ಮೇಲೆ ಹೋದರು.