ಮಂಡಿಯೊಳಗಿನ ಹಗ್ಗ

ನಸುಕಿನಲ್ಲಿ ಹಾಲು ಕರೆಯಲು ಅಮ್ಮ ಹಿತ್ತಲ ಕೊಟ್ಟಿಗೆಗೆ ಹೊರಟರೆ ನಮ್ಮ ಕಂದು ನಾಯಿ ಯಾವಾಗಲೂ ಮುಂದೆ. ಹುಲ್ಲಿನಲ್ಲಿ ಹಾವಿದ್ದರೆ ಅದೇ ಮೊದಲು ಮೂಸಿ ಗುರುಗುಟ್ಟಬೇಕು. “ಮುಂದೆ ಇವ್ನವ್ನಲ್ಲ, ನಂಗ್ಯಾಕೆ ಟಾರ್ಚು?” ಎನ್ನುತ್ತಿದ್ದಳು ಅಮ್ಮ.

ಒಂದು ದಿನ ಹೆಗ್ಗಣವನ್ನು ಅಟ್ಟಿಸಿಕೊಂಡು ಹೋಗಿ ಗಕ್ಕನೆ ತಿರುಗಿದ್ದೇ ತಡ, ಕುಂಯ್ ಎಂದು ಹಿಂಗಾಲೆತ್ತಿ ನಿಂತುಬಿಟ್ಟಿತು. ಆಟೋದಲ್ಲಿ ಹಾಕಿಕೊಂಡು ಬಂಗಾರಪೇಟೆಯ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಮೊಣಕಾಲ ಕೆಳಗಿನ ಮೂಳೆಯನ್ನು ನೂಕಿ ನೋಡಿದರು. ಅದು ಮೇಜಿನ ಡ್ರಾಯರ್ ಎಳೆದ ಹಾಗೆ ಮುಂದಕ್ಕೆ ಜಾರಿತು.

“ಮೂಳೆ ಮುರಿದಿಲ್ಲಮ್ಮ. ಮಂಡಿಯೊಳಗೆ ಹಗ್ಗದ ಥರ ಒಂದು ಇರುತ್ತೆ, ಅದು ಕಿತ್ತುಹೋಗಿದೆ. ಆಪರೇಷನ್ ಮಾಡಿ ಮಂಡಿ ಪಕ್ಕಕ್ಕೆ ಗಟ್ಟಿ ದಾರ ಹಾಕಿ ಕಟ್ಟಬಹುದು. ಇಷ್ಟು ಭಾರದ ನಾಯಿಗೆ ಅದು ಸಡಿಲ ಆಗಬಹುದು. ಕೆಳಗಿನ ಮೂಳೆ ಕೊಯ್ದು, ಸ್ವಲ್ಪ ತಿರುಗಿಸಿ, ಪ್ಲೇಟು ಹಾಕೋದು ಇನ್ನೂ ಒಳ್ಳೇದು. ಅದಕ್ಕೆ ಬೆಂಗಳೂರಿಗೇ ಹೋಗಬೇಕು.”

“ಮುರೀದಿರೋ ಮೂಳೇನ ಕುಯ್ಯಾದಾ? ಒಳ್ಳೆ ಡಾಕ್ಟ್ರು ಸಾ ನೀವು!”

ಅಮ್ಮನ ಕಿವಿಯಲ್ಲಿ ಉಳಿದದ್ದು ‘ಕಟ್ಟು’ ಎಂಬ ಒಂದೇ ಮಾತು. ನಮ್ಮ ಕಡೆ ಕಟ್ಟು ಎಂದರೆ ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಬಿದಿರು ದಬ್ಬೆ. ಮರದಿಂದ ಬಿದ್ದವರಿಗೂ ಅದೇ, ಬೈಕಿನಿಂದ ಬಿದ್ದವರಿಗೂ ಅದೇ. ಕಾಮಸಮುದ್ರದ ಹತ್ತಿರ ಕಟ್ಟು ಕಟ್ಟುವ ತಾತನೊಬ್ಬನಿದ್ದ, ದೂರದ ನೆಂಟ. ಅವನಿಗೆ ಹೇಳಿ ಕಳಿಸಿದಳು.

“ಅವರು ಹೇಳಿದ್ದು ಒಳಗಿನ ಕಟ್ಟಮ್ಮಾ” ಎಂದೆ.

“ಒಳಗೋ ಒರಗೋ, ಕಟ್ಟು ಕಟ್ಟೇ ಕಣ್ಲಾ. ಸುಮ್ಕಿರು.”

ತಾತ ಬಂದು ಕಟ್ಟಿದ. ದಬ್ಬೆ ಬಿಗಿದ ಕಾಲನ್ನು ಚಾಚಿಕೊಂಡು ನಾಯಿ ಜಗಲಿಯ ಮೇಲೆ ಬಿದ್ದುಕೊಂಡಿತು. “ನೋಡ್ಲಾ, ಬೀಗರ ಮನೆಗೆ ಬಂದೋನಂಗೆ ಕಾಲು ನೀಡ್ಕಂಡವ್ನೆ” ಎಂದು ಅಮ್ಮ ನಕ್ಕಳು. ಅದು ನರಳುವುದನ್ನು ಬಿಟ್ಟಿದ್ದರಿಂದ ವಾಸಿಯಾಗುತ್ತಿದೆ ಎಂದೇ ಅವಳ ನಂಬಿಕೆ.

ಕಟ್ಟು ಬಿಚ್ಚಿದ ದಿನ ಆ ನಗು ಹೋಯಿತು. ತೊಡೆ ಒಣಗಿದ ಕೊರಡಾಗಿತ್ತು, ಮಂಡಿ ಊದಿತ್ತು. ಇಳಿಸಿ ನಿಲ್ಲಿಸಿದರೆ ಕಾಲು ನೆಲಕ್ಕೆ ಊರಲೇ ಇಲ್ಲ. ಮತ್ತೆ ಬಂಗಾರಪೇಟೆ. ಮೂಳೆಗಳ ನಡುವಿನ ಮೆತ್ತೆಯೂ ಜಜ್ಜಿಹೋಗಿದೆ, ಭಾರವೆಲ್ಲ ಹೊತ್ತು ಇನ್ನೊಂದು ಮಂಡಿಯೂ ಸೋಲುತ್ತಿದೆ ಎಂದರು ಡಾಕ್ಟರು. “ಈಗ ಪ್ಲೇಟು ಹಾಕಿಸಿದ್ರೆ ನೋವು ಕಡಿಮೆಯಾಗುತ್ತೆ. ಮೊದಲಿನ ಓಟ ಬರಲ್ಲ.” “ಬೆಂಗ್ಳೂರಲ್ಲಿ ಎಲ್ಲಿಗೆ ಕರ್ಕಂಡೋಗ್ಬೇಕು ಸಾ?” ಎಂದಳು ಅಮ್ಮ.

ಬೆಂಗಳೂರಿನಲ್ಲಿ ಮೂಳೆ ಕೊಯ್ದು ಪ್ಲೇಟು ಹಾಕಿದರು. ನಾಯಿ ನಡೆಯುತ್ತದೆ, ಅಷ್ಟೇ. ನಸುಕಿನಲ್ಲಿ ಅಮ್ಮ ಏಳುವುದೇ ತಡ, ಕುಂಟಿಕೊಂಡು ಅದೂ ಏಳುತ್ತದೆ. ಬೇಡವೆಂದರೂ ಕೇಳುವುದಿಲ್ಲ. ಈಗ ಮುಂದೆ ಹೋಗುವವಳು ಅಮ್ಮ, ಟಾರ್ಚು ಹಿಡಿದುಕೊಂಡು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ. ತನ್ನ ದಾರಿಯನ್ನು ಕತ್ತಲಿಗೆ ಬಿಟ್ಟು, ಬೆಳಕನ್ನು ಹಿಂದಕ್ಕೆ, ಅದರ ಕಾಲಿನ ಬಳಿಗೆ ತಿರುಗಿಸುತ್ತಾಳೆ.

“ಮೆಲ್ಲಗೆ ಬಾರ್ಲಾ, ಕಲ್ಲೈತೆ.”