ಹೈಹ್ಯಾಟಿಗೆ ಒಂದು ಸೌಟು ಎಣ್ಣೆ

ಇವತ್ತು ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳೋಣವೆಂದು ಕೊಬ್ಬರಿ ಎಣ್ಣೆಯ ಸೀಸೆ ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ. ಜನವರಿಯ ಚಳಿಗೆ ಒಳಗೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮನೆಗೆಲಸಕ್ಕೆ ಬರುವ ರೇಣುಕಾ ರಾಯಚೂರಿನ ಕಡೆಯವಳು. ಬೈಯಪ್ಪನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದಾಳೆ. ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬಿಸಿಲಿಗಿಟ್ಟು, "ನಮ್ಮ ಕಡಿ ಎಣ್ಣಿ ಹಿಂಗ ಬಿಗೀತಿದ್ದಿಲ್ರಿ ಅಮ್ಮಾ. ನಿಮ್ಮೂರಾಗ ಎಣ್ಣಿಗೂ ಸೊಕ್ಕು," ಎಂದಳು. ನಾನು ನಕ್ಕೆ. ತನ್ನ ಮಾತಿಗೆ ನಕ್ಕೆನೆಂದು ಅವಳಿಗೂ ಖುಷಿಯಾಯಿತು. ಅರ್ಧ ನಗು ಅದಕ್ಕೇ. ಇನ್ನರ್ಧ ಒಂದು ಹೈಹ್ಯಾಟ್ ಸ್ಟ್ಯಾಂಡಿಗೆ.

ಡ್ರಮ್ ಸೆಟ್ಟನ್ನು ನೀವು ಯಾವುದಾದರೂ ಆರ್ಕೆಸ್ಟ್ರಾದಲ್ಲಿ ನೋಡಿಯೇ ಇರುತ್ತೀರಿ. ಬಾರಿಸುವವರ ಎಡಕ್ಕೆ ಸೊಂಟದೆತ್ತರದ ಒಂದು ಸ್ಟ್ಯಾಂಡು ಇರುತ್ತದೆ, ಅದರ ನೆತ್ತಿಯ ಮೇಲೆ ಮುಖಕ್ಕೆ ಮುಖ ಕೊಟ್ಟ ಎರಡು ಕಂಚಿನ ತಟ್ಟೆಗಳು. ಅದೇ ಹೈಹ್ಯಾಟ್. ಕೆಳಗಿರುವ ಪೆಡಲನ್ನು ಎಡಗಾಲಿನಲ್ಲಿ ಒತ್ತಿದರೆ ಕೊಳವೆಯೊಳಗಿನ ಸರಳು ಮೇಲಿನ ತಟ್ಟೆಯನ್ನು ಕೆಳಕ್ಕೆಳೆದು 'ಚಿಕ್' ಎನ್ನಿಸುತ್ತದೆ. ಕಾಲು ಸಡಿಲಿಸಿದರೆ ಒಳಗಿನ ಸ್ಪ್ರಿಂಗು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಭಜನೆಯ ತಾಳವನ್ನು ಕಾಲಲ್ಲಿ ಬಾರಿಸಿದ ಹಾಗೆ, ಅಷ್ಟೇ. ನಮ್ಮ ಅತ್ತೆ ಅದನ್ನು 'ಮುಚ್ಚಳದ ಗಿಡ' ಎನ್ನುತ್ತಿದ್ದರು.

ಬಾರಿಸುತ್ತಿದ್ದವಳು ನಾನೇ. ನಗಬೇಡಿ. ಈಗ ಮೆಟ್ಟಿಲು ಹತ್ತುವಾಗ ರೇಲಿಂಗ್ ಹಿಡಿಯುವ ಈ ಮುದುಕಿ ಒಂದು ಕಾಲದಲ್ಲಿ ನಾಲ್ಕು ಕೈಕಾಲನ್ನೂ ನಾಲ್ಕು ದಿಕ್ಕಿಗೆ ಓಡಿಸುತ್ತಿದ್ದಳು. ಓದಿದ್ದು ಕಂಟೋನ್ಮೆಂಟಿನ ಒಂದು ಕಾನ್ವೆಂಟಿನಲ್ಲಿ. ಸ್ಕೂಲ್ ಬ್ಯಾಂಡಿನಲ್ಲಿ ನನಗೆ ಸೈಡ್ ಡ್ರಮ್, ಸೊಂಟಕ್ಕೆ ತೂಗುಬಿಟ್ಟ ಒಂದೇ ಒಂದು ಡ್ರಮ್. "ರಿಸ್ಟ್, ಗರ್ಲ್ಸ್, ರಿಸ್ಟ್! ಯು ಆರ್ ನಾಟ್ ಬೀಟಿಂಗ್ ಕಾರ್ಪೆಟ್ಸ್!" ಎಂದು ಬ್ಯಾಂಡಿನ ಸಿಸ್ಟರ್ ಮಣಿಕಟ್ಟು ತೋರಿಸಿ ಕೂಗುತ್ತಿದ್ದುದು ಈಗಲೂ ಚಪಾತಿ ಲಟ್ಟಿಸುವಾಗ ಕಿವಿಯಲ್ಲಿ ಬರುತ್ತದೆ. ಆಮೇಲೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಅದೇ ಆಫೀಸಿನವರ ಜೊತೆ ಮದುವೆ, ಇಂದಿರಾನಗರದ ಹತ್ತಿರದ ಸ್ಟಾಫ್ ಕಾಲೋನಿಯಲ್ಲಿ ಸಂಸಾರ. ಕಾಲೋನಿಯ ರಿಕ್ರಿಯೇಷನ್ ಕ್ಲಬ್ಬಿಗೊಂದು ಐದು ಜನರ ಆರ್ಕೆಸ್ಟ್ರಾ ಇತ್ತು. ಹಲಸೂರಿನ ಸೆಲ್ವರಾಜ್ ಅದರ ಲೀಡರ್, ಅಕಾರ್ಡಿಯನ್ ಅವರದು. ಹಾಡುವವಳು ನನ್ನ ಪಕ್ಕದ ಟೇಬಲ್ಲಿನ ಸರಳಾ. ಡ್ರಮ್ಸ್ ಬಾರಿಸುತ್ತಿದ್ದವರಿಗೆ ಟ್ರಾನ್ಸ್‌ಫರ್ ಆಯಿತು. "ನಾನು ಸ್ಕೂಲಲ್ಲಿ ಡ್ರಮ್ ಬಾರಿಸಿದ್ದೀನಿ," ಎಂದುಬಿಟ್ಟೆ. ಸೈಡ್ ಡ್ರಮ್ಮಿಗೂ ಡ್ರಮ್ ಸೆಟ್ಟಿಗೂ, ಸೈಕಲ್ಲಿಗೂ ಬಸ್ಸಿಗೂ ಇರುವಷ್ಟೇ ನಂಟು ಎಂದು ಸ್ಟೂಲಿನ ಮೇಲೆ ಕೂತ ಮೇಲೆ ತಿಳಿಯಿತು.

ಕ್ಲಬ್ಬಿನಲ್ಲಿ ಕೇರಂ ಆಡುವವರು ಗಲಾಟೆ ತಡೆಯಲಾಗುವುದಿಲ್ಲ ಎಂದದ್ದರಿಂದ ಸೆಟ್ಟು ನಮ್ಮ ಮನೆಗೆ ಬಂತು. ನೆಲಮಹಡಿಯ ಕ್ವಾರ್ಟರ್ಸು. ಮುಂದಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರುವ ಹಾಗೆ ಜೋಡಿಸಿದೆವು. ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿ ಬಂದು ಎಲ್ಲರೂ ಅಲ್ಲೇ ಪ್ರಾಕ್ಟೀಸು.

ಶಿವಾಜಿನಗರದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಆ ಸೆಟ್ಟಿನಲ್ಲಿ ಉಳಿದದ್ದೆಲ್ಲ ಸಾಧು. ತಕರಾರೆಲ್ಲ ಹೈಹ್ಯಾಟ್ ಸ್ಟ್ಯಾಂಡಿನದು. ಮೊದಲನೆಯದಾಗಿ, ಅದು ನಡೆಯುತ್ತಿತ್ತು. ರೆಡ್ ಆಕ್ಸೈಡ್ ನೆಲದ ಮೇಲೆ ಒಂದೊಂದು ಒತ್ತಿಗೂ ಒಂದೊಂದು ಬೆರಳು ಮುಂದೆ ಸರಿದು, ಹಾಡು ಮುಗಿಯುವ ಹೊತ್ತಿಗೆ ನಾನು ಸ್ಟೂಲಿನ ತುದಿಯಲ್ಲಿ, ಬಸ್ಸು ತಪ್ಪಿಸಿಕೊಂಡವಳಂತೆ ಕಾಲು ಚಾಚಿಕೊಂಡು ಇರುತ್ತಿದ್ದೆ. ಒಂದು ಜಮಖಾನ ಹಾಸಿ, ಸ್ಟೂಲನ್ನೂ ಸ್ಟ್ಯಾಂಡನ್ನೂ ಅದರ ಮೇಲೇ ಇಟ್ಟ ಮೇಲೆ ನನ್ನ ತೂಕವೇ ಅದನ್ನು ಹಿಡಿದು ನಿಲ್ಲಿಸಿತು. ನನ್ನ ತೂಕದಿಂದ ಆದ ಉಪಕಾರ ಅದೊಂದೇ. ಆಮೇಲೆ ಮೇಲಿನ ತಟ್ಟೆಯನ್ನು ಸರಳಿಗೆ ಕಚ್ಚಿ ಹಿಡಿಯುವ ಕ್ಲಚ್ಚು ಸಡಿಲವಾಗಿ, ಹಾಡಿನ ಮಧ್ಯೆ ತಟ್ಟೆ ದೊಪ್ಪನೆ ಕೆಳಗೆ ಕೂರುತ್ತಿತ್ತು. ಸೈಕಲ್ ಟ್ಯೂಬಿನ ವಾಲ್ವಿಗೆ ಹಾಕುವ ರಬ್ಬರನ್ನು ತುಂಡು ಮಾಡಿ ಸುತ್ತಿದೆ, ನಿಂತಿತು. ಇನ್ನೊಂದು ತೊಂದರೆ ನನ್ನದೇ ಸ್ವಂತದ್ದು. ಸೀರೆಯ ನೆರಿಗೆ ಪೆಡಲಿನ ಚೈನಿಗೆ ಸಿಕ್ಕಿಕೊಳ್ಳುತ್ತಿತ್ತು. ಆ ವರ್ಷಗಳ ನನ್ನ ಎಲ್ಲ ಸೀರೆಯ ಫಾಲ್ ಮೇಲೂ ಒಂದೇ ಜಾಗದಲ್ಲಿ ಕರಿ ಗ್ರೀಸು.

ಗಾಳಿಯ ವಿಚಾರವನ್ನಂತೂ ಹೇಳಲೇಬೇಕು. ಎರಡು ತಟ್ಟೆಗಳೂ ತೀರ ಸಮನಾಗಿ ಕೂತರೆ ನಡುವೆ ಗಾಳಿ ಸಿಕ್ಕಿಕೊಂಡು 'ಚಿಕ್' ಬದಲು 'ಪುಸ್' ಎನ್ನುತ್ತದೆ. ಕೆಳಗಿನದನ್ನು ಕೂದಲೆಳೆಯಷ್ಟು ಓರೆ ಮಾಡಬೇಕು. ಅದಕ್ಕಿರುವ ತಿರುಪು ನಮ್ಮದರಲ್ಲಿ ಯಾವಾಗಲೋ ಬಿದ್ದುಹೋಗಿದ್ದರಿಂದ ಬಸ್ ಟಿಕೆಟ್ ಮಡಿಸಿ ಅಡಿಗೆ ತುರುಕಿದೆ. ನೋಡುತ್ತಿದ್ದ ಯಜಮಾನರು, "ಗಂಡ ಹೆಂಡತಿನೂ ಹೀಗೇ ಕಣೇ. ತೀರಾ ಸಮ ಕೂತ್ರೆ ಪುಸ್ಸು," ಎಂದರು. ಓರೆಯಾಗಬೇಕಾದವರು ಯಾರು ಎಂದು ಮಾತ್ರ ಹೇಳಲಿಲ್ಲ.

ಅತ್ತೆಗೆ ಇದಾವುದೂ ಸೇರುತ್ತಿರಲಿಲ್ಲ. ಸೆಲ್ವರಾಜ್ ಅಕಾರ್ಡಿಯನ್ ಪೆಟ್ಟಿಗೆ ತೆರೆದರೆಂದರೆ ಅವರು ಅಕ್ಕಿಯ ಮೊರ ಎತ್ತಿಕೊಂಡು ಎದ್ದು ಹೋಗಿ ಅಡುಗೆಮನೆಯ ಬಾಗಿಲನ್ನು ದಡಾರನೆ ಹಾಕಿಕೊಳ್ಳುವರು. "ನಿಮ್ಮತ್ತೆನೇ ನಮಗೆ ಒನ್-ಟೂ-ತ್ರೀ ಕೌಂಟ್ ಕೊಡೋದು," ಎಂದು ಸರಳಾ ಪಿಸುಗುಟ್ಟುವಳು.

ಅವರ ಆಕ್ಷೇಪಣೆ ಸಂಗೀತಕ್ಕಲ್ಲ, ನಾನು ಕೂರುವ ಭಂಗಿಗೆ. ಒಂದು ದಿನ ಹುಳಿಗೆ ಒಗ್ಗರಣೆ ಹಾಕುತ್ತಾ ನೇರವಾಗಿಯೇ ಹೇಳಿದರು.

"ಸೀರೆ ಉಟ್ಟವಳು ಊರೆದುರಿಗೆ ಕಾಲಗಲಿಸಿ ಕೂತ್ಕೊಳ್ಳೋದು ಚೆನ್ನಾಗಿರುತ್ತೇನಮ್ಮಾ? ನೀನೇ ಹೇಳು."

"ಹಾಗೆ ಕೂತ್ರೇನೇ ಅತ್ತೆ ಬಾರಿಸಕ್ಕಾಗೋದು."

"ಸರಿ. ಈ ಸಂಕ್ರಾಂತಿ ಪ್ರೋಗ್ರಾಮಿಗೆ ಮುಂದಿನ ಸಾಲಲ್ಲಿ ಕೂತು ನಾನೇ ನೋಡ್ತೀನಿ. ನೋಡೋ ಹಾಗಿದ್ರೆ ಮುಂದುವರಿಸು. ಇಲ್ಲಾಂದ್ರೆ ಅವತ್ತಿಗೇ ನಿಲ್ಲಿಸ್ಬಿಡು. ಆಮೇಲೆ ನನ್ನನ್ನ ಕೇಳ್ಬೇಡ."

ಯಜಮಾನರ ಕಡೆ ನೋಡಿದೆ. ಅವರು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿದರು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಒಪ್ಪಿಕೊಂಡೆ. ದಿನವಿಡೀ ಟೈಪ್‌ರೈಟರಿನ ಮುಂದೆ, ಉಳಿದ ಹೊತ್ತು ಒಲೆಯ ಮುಂದೆ ಕಳೆಯುತ್ತಿದ್ದ ನನಗೆ ವಾರದಲ್ಲಿ ಆ ಸ್ಟೂಲೊಂದೇ ನನ್ನದು ಎನ್ನಿಸುತ್ತಿತ್ತು. ಅದು ಹೋದರೆ ಏನು ಹೋಗುತ್ತದೆ ಎಂದು ಯಾರಿಗೂ ವಿವರಿಸಿ ಹೇಳಲು ನನಗೆ ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಕೂಡ.

ಸಂಕ್ರಾಂತಿಯ ಸಂಜೆ ಕಾಲೋನಿಯ ಮೈದಾನದಲ್ಲಿ ಮೇಜು ಜೋಡಿಸಿ ಸ್ಟೇಜು ಮಾಡಿದ್ದರು. ಬಾಯಿ ತೆರೆದರೆ ಹೊಗೆ ಬರುವಂತಹ ಚಳಿ. ಮುಂದಿನ ಸಾಲಿನ ನಡುವೆ ಅತ್ತೆ, ಅರಿಶಿನ ಬಣ್ಣದ ರೇಷ್ಮೆ ಸೀರೆಯುಟ್ಟು, ತೊಡೆಯ ಮೇಲೆ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಪರೀಕ್ಷೆಯ ಇನ್ವಿಜಿಲೇಟರಿನಂತೆ ಕೂತಿದ್ದರು. ಮೊದಲನೆಯ ಹಾಡು ಶುರುವಾಯಿತು. ಎಡಗಾಲು ಒತ್ತಿದೆ, ತಟ್ಟೆ ಮುಚ್ಚಿತು. ಕಾಲೆತ್ತಿದೆ, ತಟ್ಟೆ ಏಳಲಿಲ್ಲ. ಏಳಲಿಲ್ಲವೆಂದರೆ, ಆರಾಮ ಕುರ್ಚಿಯಿಂದ ಏಳುವ ತಾತನಂತೆ, ಹಾಡು ಎರಡು ಸಾಲು ಮುಂದೆ ಹೋದ ಮೇಲೆ ಎದ್ದಿತು. ಕಡ್ಡಿಯಲ್ಲಿ ಹೊಡೆದರೆ ಕತ್ತರಿಯಲ್ಲಿ ಬಟ್ಟೆ ಕತ್ತರಿಸಿದಂತಹ ಸತ್ತ ಸದ್ದು. ಸರಳಾ ಹಾಡುತ್ತಲೇ ತಿರುಗಿ ಕಣ್ಣು ಅಗಲಿಸಿದಳು.

ಹಾಡು ಮುಗಿದದ್ದೇ ಸೆಲ್ವರಾಜ್ ಬಂದರು. "ಎನ್ನಮ್ಮಾ ಇದು, ಓಪನ್ನೇ ಆಗ್ತಿಲ್ವಲ್ಲ!"

"ನೋಡ್ತಿದ್ದೀನಿ ಇರಿ."

ಸ್ಟೇಜಿನ ಮೇಲೆ ಮಂಡಿಯೂರಿದೆ. ಕ್ಲಚ್ಚು ಬಿಗಿಯಾಗಿದೆ. ನೆರಿಗೆ ಸಿಕ್ಕಿಲ್ಲ. ಚೈನು ಸರಿಯಿದೆ. ಹಾಗಾದರೆ ಒಳಗಿನ ಸ್ಪ್ರಿಂಗೇ ಮುರಿದಿರಬೇಕು ಎನ್ನಿಸಿತು. ಸ್ಪ್ರಿಂಗು ಮುರಿದಿದ್ದರೆ ಅವತ್ತಿಗಷ್ಟೇ ಅಲ್ಲ, ನನ್ನ ಬಾರಿಸಾಟವೇ ಮುಗಿದಂತೆ. ಸರಳನ್ನು ಮೇಲಕ್ಕೆಳೆದು ಕೊಳವೆಯ ಬಾಯಿ ನೋಡಿದರೆ ಸುತ್ತಲೂ ಬೆಣ್ಣೆಯಂತೆ ಬೆಳ್ಳಗೆ ಏನೋ ಮೆತ್ತಿಕೊಂಡಿದೆ. ಮೂಸಿದೆ. ತಲೆಗೂದಲಿನ ವಾಸನೆ.

ಅಷ್ಟು ಹೊತ್ತಿಗೆ ಅತ್ತೆ ಸ್ಟೇಜಿನ ಅಂಚಿಗೇ ಬಂದು ನಿಂತಿದ್ದರು. "ಏನಾಯ್ತೇ?"

"ಇದಕ್ಕೆ ಕೊಬ್ಬರಿ ಎಣ್ಣೆ ಯಾರು ಹಾಕಿದ್ದು ಅತ್ತೆ?"

"ನಾನೇ. ಕಿರ್ರ್ ಕಿರ್ರ್ ಅಂತಿತ್ತು. ನಿನ್ನೆ ಬಿಸಿ ಮಾಡಿ ಒಂದು ಸೌಟು ಬಿಟ್ಟೆ."

"ಒಂದು ಸೌಟಾ!"

"ಅಷ್ಟುದ್ದ ಇದೆ, ಸಾಲ್ದು ಅಂತ ಬಿಟ್ಟೆ. ಈಗೇನು, ಗಟ್ಟಿಯಾಗಿದೆ ಅಷ್ಟೇ ತಾನೆ? ಸ್ವಲ್ಪ ಪಕ್ಕಕ್ಕೆ ಸರಿ."

ಅರಿಶಿನ ರೇಷ್ಮೆಯನ್ನು ಸೊಂಟಕ್ಕೆ ಸಿಕ್ಕಿಸಿ, ಯಾರೋ ಕೊಟ್ಟ ಕೈ ಹಿಡಿದು ಸ್ಟೇಜು ಹತ್ತಿಯೇಬಿಟ್ಟರು. ಫ್ಲಾಸ್ಕಿನ ಮುಚ್ಚಳ ತೆಗೆದು, ಸೆಲ್ವರಾಜ್ ಬೆವರೊರೆಸಲು ಇಟ್ಟುಕೊಂಡಿದ್ದ ಟವೆಲ್ಲಿನ ಮೇಲೆ ಬಿಸಿ ಬಿಸಿ ಕಾಫಿ ಸುರಿದು, ಜ್ವರ ಬಂದವರ ಹಣೆಗೆ ಪಟ್ಟಿ ಹಾಕುವಂತೆ ಸ್ಟ್ಯಾಂಡಿನ ಕೊಳವೆಗೆ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಕೆಳಗಿನಿಂದ ಯಾರೋ ಕೂಗಿದರು: "ಸೆಲ್ವರಾಜಣ್ಣಾ, ಕಂಬಕ್ಕೂ ಕಾಫಿನಾ? ನಮಗೂ ಒಂದೊಂದು ಲೋಟ ಬರ್ಲಿ!"

ಮೈದಾನವೆಲ್ಲ ನಗು. ಅತ್ತೆ ಆ ಕಡೆ ತಿರುಗಿ, "ಸಕ್ಕರೆ ಕಮ್ಮಿ ಕಣಪ್ಪಾ, ನಿನಗೆ ಸೇರಲ್ಲ," ಎಂದರು. ಮತ್ತೆ ನನಗೆ, "ಒತ್ತು ಈಗ."

ಒತ್ತಿದೆ. ಬಿಟ್ಟೆ. ತಾತ ಕೊಂಚ ಬೇಗ ಎದ್ದ. ಮತ್ತೆ ಒತ್ತಿದೆ, ಮತ್ತೆ. ಐದಾರು ಸಲಕ್ಕೆ ಕೊಳವೆಯ ಬುಡದಿಂದ ಎಣ್ಣೆ ಜಿನುಗಿತು, ತಟ್ಟೆಗಳು ಬಾಯಿ ಬಿಟ್ಟವು. ಚಿಕ್.

ಅವರು ಕೆಳಗಿಳಿಯಬಹುದಿತ್ತು. ಆದರೆ ಎರಡು ಹಾಡಿಗೊಂದು ಸಲ ಎಣ್ಣೆ ಮತ್ತೆ ಬಿಗಿಯುತ್ತಿತ್ತು. ಹಾಗಾಗಿ ಪ್ರೋಗ್ರಾಮು ಮುಗಿಯುವವರೆಗೂ ನನ್ನ ಎಡಗಡೆ, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ, ಟವೆಲ್ ಹಿಡಿದು ಕೂತಿದ್ದರು. ಪರೀಕ್ಷೆ ಮಾಡಲು ಬಂದವರು ಇಡೀ ಕಾಲೋನಿಯೆದುರಿಗೆ ನಮ್ಮ ಆರ್ಕೆಸ್ಟ್ರಾದ ಆರನೆಯ ಮೆಂಬರ್ ಆಗಿದ್ದರು.

ಪ್ರೋಗ್ರಾಮು ಮುಗಿಸಿ ಮನೆಗೆ ನಡೆದು ಬಂದೆವು. ಗೇಟಿನ ಹತ್ತಿರ ಬಂದಾಗ ತಡೆಯಲಾಗದೆ, "ಅತ್ತೆ, ನೋಡೋ ಹಾಗಿತ್ತಾ?" ಎಂದೆ.

"ಏನು ನೋಡೋದು? ಎದುರಿಗೆ ಕೂತ್ರೆ ತಾನೆ ಕಾಣೋದು. ನನಗೆ ಕಂಡಿದ್ದು ನಿನ್ನ ಪಾದ ಒಂದೇ."

"ಹಾಗಾದ್ರೆ?"

"ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಮುಂದಿನ ಸಾಲಿನಲ್ಲೇ ಕೂತು ನೋಡಿದರು. ತೀರ್ಪು ಕೇಳಿದರೆ ಮತ್ತದೇ, "ಮುಂದಿನ ವರ್ಷ ನೋಡೋಣ." ಹಾಗೆ ನೋಡುತ್ತ ನೋಡುತ್ತ ಸೆಲ್ವರಾಜ್ ರಿಟೈರಾದರು, ಆರ್ಕೆಸ್ಟ್ರಾ ನಿಂತಿತು, ಕ್ಲಬ್ಬಿನವರು ಬಂದು ಸೆಟ್ಟು ತೆಗೆದುಕೊಂಡು ಹೋದರು. ಅತ್ತೆಯೂ ಹೋದರು. ತೀರ್ಪು ಬರಲೇ ಇಲ್ಲ. ಶನಿವಾರಗಳಲ್ಲಿ ಅಡುಗೆಮನೆಯ ಬಾಗಿಲು ಮಾತ್ರ ಕೊನೆಯವರೆಗೂ ದಡಾರೆನ್ನುತ್ತಿತ್ತು.

ಈ ಸೌಟು ಎಣ್ಣೆಯ ಕಥೆಯನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಇವತ್ತು ತಲೆಗೆ ಎಣ್ಣೆಯಿಲ್ಲದೆ ಸುಮ್ಮನೆ ಕೂತಾಗ ಮಾತ್ರ, ಇಷ್ಟು ವರ್ಷ ಹೊಳೆಯದ ಒಂದು ಸಂಗತಿ ಹೊಳೆಯಿತು. ಪೆಡಲು ಕಿರ್ರೆನ್ನುತ್ತಿತ್ತು ಎಂದರಲ್ಲ ಅತ್ತೆ, ನನಗೆ ಅದು ಯಾವತ್ತೂ ಕೇಳಿಸಿರಲೇ ಇಲ್ಲ. ಕೆ.ಆರ್. ಪುರದಲ್ಲಿ ಮಗಳ ಮನೆಯಲ್ಲಿರುವ ಸರಳಾಗೆ ಫೋನ್ ಮಾಡಿದೆ.

"ಸರಳಾ, ನಮ್ಮ ಹೈಹ್ಯಾಟ್ ಪೆಡಲ್ ಕಿರ್ರ್ ಅಂತಿತ್ತೇನೇ?"

"ಬೆಳಿಗ್ಗೆ ಬೆಳಿಗ್ಗೆ ಏನಾಯ್ತೇ ನಿನಗೆ? ಬಿಪಿ ಮಾತ್ರೆ ತಗೊಂಡ್ಯಾ?"

"ಹೇಳೇ."

"ನಿನ್ನ ಆ ಗದ್ದಲದಲ್ಲಿ ನನ್ನ ಶ್ರುತಿನೇ ನನಗೆ ಕೇಳಿಸ್ತಿರ್ಲಿಲ್ಲ. ಇನ್ನು ಪೆಡಲ್ಲು!"

"ಅದರ ಮೇಲೆ ಕಾಲಿಟ್ಕೊಂಡಿದ್ದ ನನಗೇ ಕೇಳಿಸ್ಲಿಲ್ಲ ಕಣೇ. ಅಡುಗೆಮನೇಲಿ ಬಾಗಿಲು ಹಾಕ್ಕೊಂಡು ಕೂತಿದ್ದ ಅತ್ತೆಗೆ ಹೇಗೆ ಕೇಳಿಸ್ತು?"

"ಯಾವ ಅಡುಗೆಮನೆ? ಹಿತ್ತಲ ಬಾಗಿಲಿಂದ ಸುತ್ತಿಕೊಂಡು ಬಂದು ನಿನ್ನ ಹಿಂದಿನ ಕಿಟಕಿ ಆಚೆ, ಒಗೆಯೋ ಕಲ್ಲಿನ ಮೇಲೆ ಕೂರ್ತಿದ್ರಲ್ಲೇ. ಪ್ರತಿ ಶನಿವಾರ. ನಾನು ಹಾಡ್ತಾ ನಿಂತ್ರೆ ನೆಟ್ಟಗೆ ಕಾಣ್ತಿದ್ರು."

"ಯಾಕೇ ಹೇಳ್ಲಿಲ್ಲ ನೀನು?"

"ನಿಮ್ಮನೆ ಅತ್ತೆ, ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ನೀನು ತಾಳ ತಪ್ಪಿದಾಗೆಲ್ಲ ಅಕ್ಕಿ ಆರಿಸೋ ಕೈ ಮೊರದಲ್ಲೇ ನಿಂತ್ಬಿಡ್ತಿತ್ತು. ನೀನು ತಾಳ ಹಿಡ್ಕೊಂಡ್ಮೇಲೇನೇ ಅವರ ಕೈ ಮತ್ತೆ ಆಡ್ತಿದ್ದಿದ್ದು. ನಾನು ನಿನ್ನ ನೋಡ್ತಿರ್ಲಿಲ್ಲ, ಅವರ ಕೈ ನೋಡ್ಕೊಂಡೇ ಹಾಡ್ತಿದ್ದೆ."

ಈ ಕಥೆಯನ್ನು ಇನ್ನು ಮೊದಲಿನಂತೆ ಹೇಳಲು ಬರುವುದಿಲ್ಲ. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಶನಿವಾರ ಆರಿಸಿದ ಅಕ್ಕಿಯಿಂದ ಮಾಡಿದ ಭಾನುವಾರದ ಅನ್ನದಲ್ಲಿ ಆಗಾಗ ಒಂದೊಂದು ಕಲ್ಲು ಹಲ್ಲಿಗೆ ಸಿಗುತ್ತಿತ್ತು. ಅಮ್ಮನಿಗೆ ಕಣ್ಣು ಮಂಜಾಗುತ್ತಿದೆ ಎಂದು ಯಜಮಾನರು ಕನ್ನಡಕ ಮಾಡಿಸಿಕೊಟ್ಟರು. ಕನ್ನಡಕ ಬಂದ ಮೇಲೂ ಕಲ್ಲು ಸಿಗುತ್ತಲೇ ಇತ್ತು.