ಅಣ್ಣನ ಬಿಲ್ಲೆ, ನನ್ನ ಬೆರಳು

ನನ್ನ ಬಲಗೈಯ ಮೂರು ಬೆರಳು ಹೋದದ್ದು ಯಾದಗಿರಿಯ ಹತ್ತಿ ಗಿರಣಿಯಲ್ಲಿ. ಆದರೆ ಗಿರಣಿಯ ಹಾಜರಿ ಪುಸ್ತಕದ ಪ್ರಕಾರ ಆ ದಿನ ನಾನು ಅಲ್ಲಿ ಇರಲೇ ಇಲ್ಲ. ಇದ್ದವನು ನನ್ನ ಅಣ್ಣ. ಹುಟ್ಟಿದಾಗಿನಿಂದ ಎಲ್ಲದರಲ್ಲೂ ಮೊದಲ ಪಾಲು ಅವನದೇ ಆಗಿತ್ತು. ಈಗ ನನ್ನ ಗಾಯವೂ ಅವನ ಹೆಸರಿಗೇ ಹೋಯಿತಲ್ಲ ಎಂದು ದವಾಖಾನೆಯಲ್ಲಿ ಮಲಗಿ ಹಲ್ಲು ಕಡಿದೆ.

ನಮ್ಮೂರು ಮುದನಾಳ. ಮನೆಯಲ್ಲಿ ಕುರಿಗಳಿದ್ದವು, ಮಳೆ ಬಂದರೆ ಬೆಳೆಯುವ ಒಂದಿಷ್ಟು ಹೊಲವಿತ್ತು. ಹತ್ತಿ ಬಿಡಿಸುವ ಕಾಲಕ್ಕೆ ಗಿರಣಿ ಶುರುವಾಗುತ್ತಿತ್ತು. ಕೆಲಸ ಸಿಕ್ಕವನಿಗೆ ನಂಬರು ಹೊಡೆದ ತಗಡಿನ ಬಿಲ್ಲೆ ಕೊಡುತ್ತಿದ್ದರು. ಗೇಟಿನಲ್ಲಿ ಬಿಲ್ಲೆ ತೋರಿಸಿದರೆ ಸಾಕು, ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಕುರಿ ಸಾಕುವ ನಮ್ಮಂಥ ಮನೆಗಳಿಗೆ ಇದೇ ಅನುಕೂಲವಾಗಿತ್ತು. ಅಣ್ಣತಮ್ಮಂದಿರಲ್ಲಿ ಒಬ್ಬ ಹಿಂಡಿನ ಹಿಂದೆ ಹೋದರೆ ಇನ್ನೊಬ್ಬ ಬಿಲ್ಲೆ ಕಟ್ಟಿಕೊಂಡು ಗಿರಣಿಗೆ ಹೋಗುತ್ತಿದ್ದ. ಕೊಡಲಿ, ಕಂಬಳಿ ಇದ್ದ ಹಾಗೆ ಬಿಲ್ಲೆಯೂ ಮನೆಯ ಸಾಮಾನು ಎಂದು ನಾವು ತಿಳಿದಿದ್ದೆವು. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಸಾಮಾನು ಮನೆಯದಾದರೂ ಹೆಸರು ಮಾತ್ರ ಅಣ್ಣನದು. ಹೊಸ ಕಂಬಳಿ ನೇಯಿಸಿದರೆ ಅವನಿಗೆ, ಅವನು ಹೊದ್ದು ಬಿಟ್ಟದ್ದು ನನಗೆ. ಅವನು ರುಮಾಲು ಸುತ್ತಿದರೆ ಓಣಿಯ ಜನ ನಿಂತು ನೋಡುತ್ತಿದ್ದರು. ನಾನು ಸುತ್ತಿದರೆ ತಲೆಗೇನಾದರೂ ಪೆಟ್ಟಾಗಿದೆಯಾ ಎಂದು ಅವ್ವನೇ ನಗುತ್ತಿದ್ದಳು. ಅವನ ಬಿಲ್ಲೆ ಕಟ್ಟಿಕೊಂಡು ಹೋದ ದಿನ ಗಿರಣಿಯಲ್ಲಿ ನನ್ನನ್ನು ಅವನ ಹೆಸರಿನಿಂದಲೇ ಕೂಗುತ್ತಿದ್ದರು. ನಾನು ಓ ಅನ್ನುತ್ತಿದ್ದೆ. ಹಾಗೆ ಅನ್ನುವಾಗ ಒಳಗೊಳಗೇ ಹಿಗ್ಗುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆ ವರ್ಷ ಕುರಿಗಳು ಈಯುವ ಸಮಯಕ್ಕೆ ಅಣ್ಣ ಹಟ್ಟಿಯಲ್ಲೇ ಉಳಿದ, ನಾನು ಗಿರಣಿಗೆ ಹೋದೆ. ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರದಲ್ಲಿ ಅರಳೆ ಸಿಕ್ಕಿಕೊಂಡಿತು. ಯಂತ್ರ ನಿಲ್ಲಿಸಿದರೆ ಕೂಲಿಗಳ ಮೇಲಿನ ಮುಕಾದಮ ಬೈಯುತ್ತಾನೆ ಎಂದು ಎಲ್ಲರ ಹಾಗೆ ನಾನೂ ಓಡುವ ಯಂತ್ರಕ್ಕೇ ಕೈ ಹಾಕಿದೆ.

ನಿಜಾಮರ ಆಳ್ವಿಕೆ ಹೋಗಿ ಕೆಲವೇ ವರ್ಷಗಳಾಗಿದ್ದವು. ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು, ಒಳಗಿನ ಕಾಗದಪತ್ರಗಳು ಇನ್ನೂ ಉರ್ದುವಿನಲ್ಲೇ ಇದ್ದವು. ಕೆಲಸದಲ್ಲಿ ಗಾಯವಾದ ಕೂಲಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ಕಡೆಗೂ ಬಂದಿದೆ ಎಂದು ಯಾರೋ ಹೇಳಿದರು. ಗಾಯ ಮಾಯ್ದ ಮೇಲೆ ಹೋಗಿ ಕೇಳಿದೆ. ಮ್ಯಾನೇಜರು ಪುಸ್ತಕ ತೆಗೆದು ಓದಿದ. ಆ ನಂಬರಿನವನನ್ನು ಕರೆಸಿದ, ಅಣ್ಣನ ಎರಡೂ ಕೈ ಎತ್ತಿಸಿ ನೋಡಿದ. ಹತ್ತೂ ಬೆರಳು ಇದ್ದವು. ಹಾಗಾದರೆ ನಮ್ಮ ಗಿರಣಿಯಲ್ಲಿ ಯಾರಿಗೂ ಗಾಯವಾಗಿಲ್ಲ ಎಂದು ಪುಸ್ತಕ ಮುಚ್ಚಿದ. ನಾನು ಅಣ್ಣನ ಬೆರಳುಗಳನ್ನೇ ನೋಡುತ್ತ ನಿಂತಿದ್ದೆ. ಅಷ್ಟು ಹೊಟ್ಟೆಕಿಚ್ಚು ನನಗೆ ಅವನ ಮದುವೆಯಲ್ಲೂ ಆಗಿರಲಿಲ್ಲ.

ಶಹಾಪುರದಲ್ಲಿ ಒಬ್ಬ ವಕೀಲರಿದ್ದರು, ಕೂಲಿಗಳ ಕೇಸಿಗೆ ಫೀಸು ಕೇಳುವುದಿಲ್ಲ ಎಂದು ಹೆಸರಾದವರು. ಅವ್ವ ನನ್ನನ್ನು ಎಳೆದುಕೊಂಡೇ ಹೋದಳು. ಅವರು ಎಲ್ಲ ಕೇಳಿಸಿಕೊಂಡು, ಅರ್ಜಿ ಬರೆದು, ಕೊನೆಗೆ ಹೇಳಿದರು.

"ನಿಮ್ಮಣ್ಣ ಬಂದು ಸಾಕ್ಷಿ ಹೇಳಬೇಕು. ಬಿಲ್ಲೆ ನಂದು, ಅವತ್ತ ಕೆಲಸ ಮಾಡಿದಾಂವ ತಮ್ಮ ಅಂತ. ಆದ್ರ ಹಂಗ ಹೇಳಿದ್ರ ಅವನ ಬಿಲ್ಲೆ ಹೋಗ್ತದ. ಮತ್ತ ಗಿರಣ್ಯಾಗ ತೊಗೊಳ್ಳಂಗಿಲ್ಲ."

ಅಣ್ಣನಿಗೆ ಈ ಮಾತು ತಲುಪಿಸಿದವಳು ಅವ್ವ. ಅವನು ಕೇಳಿದವನೇ ಕುರಿ ಹೊಡೆದುಕೊಂಡು ಬಳಿಚಕ್ರ ಊರಿನ ಕಡೆಗೆ ಹೋಗಿಬಿಟ್ಟ. ವಿಚಾರಣೆಯ ದಿನದವರೆಗೂ ಬರಲಿಲ್ಲ. ನಾನು ಅವನು ಬರಲಿ ಎಂದು ಹರಕೆ ಹೊತ್ತಿರಬೇಕು ಎಂದು ನೀವು ತಿಳಿದೀರಿ. ಇಲ್ಲ. ಬಾರದಿರಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಬೆರಳಿಲ್ಲದ ಕೈಯಿಂದ ಹೆಂಡತಿ ಮಕ್ಕಳನ್ನು ಹೇಗೆ ಸಾಕಬೇಕೋ ಗೊತ್ತಿರಲಿಲ್ಲ. ಆದರೂ ಅವನು ಬಾರದಿದ್ದರೆ ಅವನನ್ನು ಬೈಯಲು ಜೀವಮಾನಕ್ಕೆ ಸಾಲುವಷ್ಟು ಕಾರಣ ಸಿಗುತ್ತಿತ್ತು.

ಗುಲ್ಬರ್ಗಾದಿಂದ ಬಂದ ಅಧಿಕಾರಿ ಯಾದಗಿರಿಯ ಕಚೇರಿಯಲ್ಲಿ ಕೂತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಅಣ್ಣ ಬಾಗಿಲಲ್ಲಿ ಕಂಡ. ಮೊಣಕಾಲಿನವರೆಗೆ ಧೂಳು, ರುಮಾಲು ಮಾತ್ರ ಎಂದಿನಂತೆ ಮಡಿಕೆ ಕೆಡದೆ ಇತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟ.

"ಬಿಲ್ಲೆ ನಂದೇ ಅದರಿ ಸಾಹೇಬ್ರ. ಅವತ್ತ ನಾ ಕುರಿ ಹಟ್ಟ್ಯಾಗ ಇದ್ದೆ. ಬೆರಳು ಹೋಗ್ಯಾವು ಇವನವು. ತಪ್ಪಾಗಿದ್ರ ನಂದು, ಇವಂದೇನಿಲ್ಲ."

ಮ್ಯಾನೇಜರು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ. ಅಧಿಕಾರಿ ಪರಿಹಾರ ಕೊಡಬೇಕೆಂದು ಬರೆಸಿದರು. ವಕೀಲರು ನನ್ನ ಬೆನ್ನು ತಟ್ಟಲಿಲ್ಲ, ಅಣ್ಣನ ಬೆನ್ನು ತಟ್ಟಿದರು. ಕಚೇರಿಯಲ್ಲಿದ್ದ ಜವಾನನೂ ಇಂಥ ಅಣ್ಣ ಇರಬೇಕು ಅಂದ. ಬೆರಳು ಕಳೆದುಕೊಂಡವನು ನಾನು, ಕಣ್ಣೆಲ್ಲ ಅವನ ಮೇಲೆ. ಅವನ ಜಾಗದಲ್ಲಿ ನಾನಿದ್ದರೆ ಬಿಲ್ಲೆ ಬಿಚ್ಚಿಡುತ್ತಿದ್ದೆನೇ ಎಂದು ಅಲ್ಲೇ ಕೇಳಿಕೊಂಡೆ. ಇಡುತ್ತಿರಲಿಲ್ಲ. ಅದು ಗೊತ್ತಾದಾಗ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು, ಇನ್ನೂ ಹೆಚ್ಚಾಯಿತು.

ಹೊರಗೆ ಬೇವಿನ ಮರದ ಕೆಳಗೆ ನನ್ನ ರುಮಾಲು ಬಿಚ್ಚಿಹೋಯಿತು. ಬಲಗೈಯಲ್ಲಿ ಉಳಿದ ಎರಡು ಬೆರಳಿನಿಂದ ಸುತ್ತಲು ಒದ್ದಾಡುತ್ತಿದ್ದೆ. ಅಣ್ಣ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ತನ್ನದರ ಹಾಗೆಯೇ ಮಡಿಕೆ ಹಿಡಿದು ಸುತ್ತಿದ. ಅವ್ವ ನೋಡಿ, ಥೇಟ್ ಅಣ್ಣನ ಹಾಂಗೇ ಕಾಣಾಕತ್ತಿ ಅಂದಳು.

ಅವರಿಬ್ಬರನ್ನೂ ಮುಂದೆ ಹೋಗಲು ಬಿಟ್ಟೆ. ಊರಿನ ದಾರಿಯಲ್ಲಿ ಆ ರುಮಾಲನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಬಿಸಿಲಲ್ಲಿ ಬರಿ ತಲೆಯಲ್ಲೇ ಮನೆಗೆ ಬಂದೆ.